ಒಂದು ಮರಣದಂಡನೆ, 18 ಜೀವ: ಈ ಲೆಕ್ಕ ನಂಬಬಹುದಾ?

ಪ್ರಶ್ನೆ: ನಾನು ತೀರ್ಥಹಳ್ಳಿಯವಳು. ಶಿವಮೊಗ್ಗದಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಒಂದು ಮರಣದಂಡನೆ ಜಾರಿಯಾದರೆ 18 ಕೊಲೆ ತಪ್ಪುತ್ತದೆ ಎಂದು ಅಮೆರಿಕದ ಪ್ಯಾನೆಲ್ ಡೇಟಾ ಅಧ್ಯಯನವೊಂದು ಹೇಳಿದೆ. ನಿಜವೇ? ನಮ್ಮ ಜಿಲ್ಲೆಗಳ ಅಂಕಿ-ಅಂಶದಲ್ಲಿ ನಾನೂ ಇದನ್ನು ಮಾಡಬಹುದೇ?

ಉತ್ತರ: ಆ 18ನ್ನು ನಂಬಬೇಡಿ. ಯಾಕೆ ಅನ್ನುವುದು ನಿಮ್ಮೂರಿನ ಅಡಿಕೆ ತೋಟದಲ್ಲೇ ಗೊತ್ತಾಗುತ್ತದೆ.

ಆಗುಂಬೆ ಕಡೆ ಮಳೆ ಜಾಸ್ತಿ, ಕೊಳೆರೋಗವೂ ಜಾಸ್ತಿ. ಅದಕ್ಕೇ ಬೋರ್ಡೋ ಔಷಧಿ ಹೊಡೆಸುವುದೂ ಜಾಸ್ತಿ. ಶಿಕಾರಿಪುರದ ಕಡೆ ಅಷ್ಟು ಬೇಕಾಗುವುದಿಲ್ಲ. ಒಂದೇ ವರ್ಷದ ಲೆಕ್ಕ ನೋಡಿದವರು ‘ಔಷಧಿ ಹೊಡೆದಷ್ಟೂ ಕೊಳೆ’ ಅಂದುಬಿಡಬಹುದು, ಅಲ್ವಾ? ಪ್ಯಾನೆಲ್ ವಿಧಾನ ಒಂದೊಂದು ತೋಟವನ್ನೂ ವರ್ಷಗಟ್ಟಲೆ ಗಮನಿಸಿ, ಅದರದೇ ಬೇರೆ ವರ್ಷಗಳ ಜೊತೆಗೆ ಹೋಲಿಸುತ್ತದೆ. ಮಣ್ಣು, ಗುಡ್ಡದ ಮರೆಯಂಥ ಬದಲಾಗದ ಸಂಗತಿಗಳು ಲೆಕ್ಕದಿಂದ ಕಳೆದುಹೋಗುತ್ತವೆ. ಇದೇ ಫಿಕ್ಸೆಡ್ ಎಫೆಕ್ಟ್. ಎಲ್ಲ ಕಡೆಯೂ ಮಳೆ ಹಿಡಿದ ವರ್ಷವನ್ನು ವರ್ಷದ ಎಫೆಕ್ಟ್ ನೋಡಿಕೊಳ್ಳುತ್ತದೆ. ಆದರೆ ಈ ವರ್ಷ ನಿಮ್ಮ ತೋಟದಲ್ಲಿ ಮಾತ್ರ ಕೊಳೆ ಕಾಣಿಸಿ, ಅದಕ್ಕೇ ನೀವು ಇನ್ನೊಂದು ಸಲ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರನ್ನು ಕರೆಸಿದ್ದರೆ? ಅದನ್ನು ಎರಡೂ ಹಿಡಿಯಲಾರವು.

ಅಮೆರಿಕದಲ್ಲೂ ಸಿಕ್ಕು ಇದೇ. ಕೊಲೆ ಹೆಚ್ಚಾಗುತ್ತಿರುವ ರಾಜ್ಯವೇ ಶಿಕ್ಷೆಯನ್ನು ಬಿಗಿ ಮಾಡಬಹುದು. 2003ರಲ್ಲಿ ಡೆಜ್‌ಬಕ್ಷ್, ರೂಬಿನ್, ಶೆಪರ್ಡ್ ಎಂಬ ಸಂಶೋಧಕರು 1977ರಿಂದ 1996ರವರೆಗಿನ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಅಂಕಿ ಹಿಡಿದು ಈ 18ನ್ನು ಕೊಟ್ಟರು. ಸಿಕ್ಕು ಬಿಡಿಸಲು, ಶಿಕ್ಷೆಯನ್ನು ಬದಲಿಸಬಲ್ಲ ಆದರೆ ಕೊಲೆಯನ್ನು ನೇರವಾಗಿ ಬದಲಿಸದ ವಿಷಯಗಳು ಎಂದು ಅವರು ಬಳಸಿದವುಗಳಲ್ಲಿ ರಿಪಬ್ಲಿಕನ್ ಅಭ್ಯರ್ಥಿಗಳಿಗೆ ಬಿದ್ದ ಮತವೂ ಒಂದು. 2005ರಲ್ಲಿ ಡೊನೊಹ್ಯೂ ಮತ್ತು ವುಲ್ಫರ್ಸ್ ಎಂಬ ಬೇರೆ ಸಂಶೋಧಕರು ಅದೇ ಮತದ ಅಂಕಿಗಳನ್ನು ಸ್ವಲ್ಪ ಬೇರೆ ಥರ ಸೇರಿಸಿದರು. ಲೆಕ್ಕ ತಿರುಗಿಬಿತ್ತು, ಮರಣದಂಡನೆಯಿಂದಲೇ ಕೊಲೆ ಹೆಚ್ಚುತ್ತದೆ ಅನ್ನುವಂತೆ! ಅಷ್ಟಕ್ಕೇ ಮಗುಚುವ ಲೆಕ್ಕದ ಮೇಲೆ ಒಬ್ಬರ ಪ್ರಾಣ ತೆಗೆಯುವ ಮಾತಾಡಬಾರದು ಅನ್ನುವುದು ನನ್ನ ಗಟ್ಟಿ ನಿಲುವು.

ಇನ್ನೊಂದು ತೊಡಕು ಎಣಿಕೆಯದು. 1977ರಿಂದೀಚೆಗೆ ಜಾರಿ ಅತಿ ಹೆಚ್ಚಾಗಿದ್ದ 1999ರಲ್ಲೂ ಇಡೀ ದೇಶದಲ್ಲಿ 98 ಮರಣದಂಡನೆ, ಕೊಲೆ 15 ಸಾವಿರಕ್ಕೂ ಹೆಚ್ಚು. ಆ 98ರಲ್ಲೂ ಟೆಕ್ಸಾಸ್‌ನದೇ ದೊಡ್ಡ ಪಾಲು. ಕೌಂಟಿಗಳು ಸಾವಿರಾರು ಇವೆ, ನಿಜ. ಆದರೆ ಕಾನೂನು ರಾಜ್ಯದ್ದು. ತೋಟದ ಸಾವಿರ ಮರ ಎಣಿಸಿದರೂ ಔಷಧಿ ಹೊಡೆಸುವ ತೀರ್ಮಾನ ಯಜಮಾನರೊಬ್ಬರದೇ ತಾನೆ? ಹಾಗಾಗಿ ಸ್ಟ್ಯಾಂಡರ್ಡ್ ಎರರ್ ಅನ್ನು, ಅಂದರೆ ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಅನ್ನುವ ಅಳತೆಯನ್ನು, ರಾಜ್ಯದ ಮಟ್ಟದಲ್ಲಿ ಕ್ಲಸ್ಟರ್ ಮಾಡಲೇಬೇಕು; ಒಂದು ರಾಜ್ಯದ ಕೌಂಟಿಗಳನ್ನೆಲ್ಲ ಒಂದೇ ಗುಂಪು ಎಂದು ಹಿಡಿಯಬೇಕು.

2012ರಲ್ಲಿ ಅಲ್ಲಿನ ನ್ಯಾಷನಲ್ ರಿಸರ್ಚ್ ಕೌನ್ಸಿಲ್ (ವಿಜ್ಞಾನದ ವಿಷಯದಲ್ಲಿ ಸಲಹೆ ಕೊಡುವ ಸಂಸ್ಥೆ), ಕೊಲೆ ಕಡಿಮೆಯಾಗುತ್ತದೆ, ಹೆಚ್ಚಾಗುತ್ತದೆ, ಏನೂ ಆಗುವುದಿಲ್ಲ ಎಂಬ ಮೂರಕ್ಕೂ ಈ ಅಧ್ಯಯನಗಳು ಆಧಾರವಾಗಲಾರವು ಎಂದಿತು.

ಇನ್ನು ನಮ್ಮ ಜಿಲ್ಲೆಗಳು. ಸೊರಬಕ್ಕೂ ಬೀದರ್‌ಗೂ ಕೊಲೆಯ ಕಾನೂನು ಒಂದೇ. 2004ರಿಂದ 2020ರವರೆಗೆ ದೇಶದಲ್ಲಿ ಗಲ್ಲಿಗೇರಿದವರು ಎಂಟೇ ಜನ. ಹೋಲಿಸುವುದಕ್ಕೆ ವ್ಯತ್ಯಾಸವೇ ಇಲ್ಲದ ಕಡೆ ಪ್ಯಾನೆಲ್ ಏನು ಮಾಡೀತು? ಜಾಗದಿಂದ ಜಾಗಕ್ಕೆ ಬೇರೆ ಬೇರೆ ವರ್ಷ ಬದಲಾದ ವಿಷಯ ಆರಿಸಿಕೊಳ್ಳಿ. ಹೊಸ ಪೊಲೀಸ್ ಠಾಣೆ ಎಲ್ಲಿ, ಯಾವ ವರ್ಷ ಶುರುವಾಯಿತು ಅನ್ನುವುದು ಒಳ್ಳೆಯ ವಿಷಯ. ಆದರೆ ಠಾಣೆ ಅಲ್ಲೇ ಯಾಕೆ ಬಂತು ಎಂದು ಮೊದಲು ವಿಚಾರಿಸಿ.