ಮೂರು ತಿಂಗಳ ಕೋರ್ಸ್ ಮುಗಿಸಿ ಕ್ಲಿನಿಕ್ ಇಡಬಹುದಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಪಿಯುಸಿ ಕಾಮರ್ಸ್, ಆಮೇಲೆ ಬಿ.ಕಾಂ. ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಮನೆ ವಿಜಯನಗರದಲ್ಲಿ, ದಿನಾ ಓಡಾಟಕ್ಕೇ ಮೂರು ಗಂಟೆ ಹೋಗುತ್ತದೆ. ಎರಡು ವರ್ಷ ಕಾಡಿದ ಸೊಂಟನೋವು ಯೋಗದಿಂದ ಕಡಿಮೆಯಾಯಿತು, ಆಗಿನಿಂದ ನಾನೂ ಇದನ್ನೇ ಕೆಲಸ ಮಾಡಿಕೊಳ್ಳಬೇಕು ಅನ್ನಿಸಿದೆ. ಒಂದು ಕಡೆ ಮೂರು ತಿಂಗಳ ವೀಕೆಂಡ್ ಕೋರ್ಸ್ ಇದೆ, ಫೀಸು 85,000 ರೂಪಾಯಿ. ಪ್ರಕೃತಿ ಚಿಕಿತ್ಸೆ, ಆಕ್ಯುಪ್ರೆಶರ್, ಮಸಾಜ್ ಎಲ್ಲ ಕಲಿಸುತ್ತಾರಂತೆ. ಮುಗಿದ ಮೇಲೆ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಳ್ಳಬಹುದು ಅಂತಾರೆ. ಕೆಲಸ ಬಿಟ್ಟು ಸೇರಲಾ?

ಉತ್ತರ: ಕೆಲಸ ಬಿಡಬೇಡಿ ಅಮ್ಮ. ಆ ದುಡ್ಡನ್ನೂ ಕಟ್ಟಬೇಡಿ. ಆದರೆ ನಿಮ್ಮ ಆಸೆ ಒಳ್ಳೆಯದು, ಅದನ್ನು ಬಿಡಬೇಡಿ.

ನಾನು ಇಂಟರ್ನ್‌ಶಿಪ್ ಮಾಡುವಾಗ ನಡೆದದ್ದು ಹೇಳುತ್ತೇನೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದ ಒಬ್ಬರು, ಐವತ್ತರ ಆಸುಪಾಸು, ಕಾಲು ಹಿಡಿದುಕೊಂಡಿದೆ, ಸ್ವಲ್ಪ ಎಣ್ಣೆ ಹಾಕಿ ತಿಕ್ಕಿ ಅಂದರು. ನಾನು ಎಣ್ಣೆ ಬಿಸಿ ಮಾಡಿ ಬಟ್ಟಲು ಕೈಯಲ್ಲಿ ಹಿಡಿದು ನಿಂತಿದ್ದೆ. ನಮ್ಮ ಸೀನಿಯರ್ ಬಂದರು, ಎರಡೂ ಮೀನಖಂಡ ಮುಟ್ಟಿ ನೋಡಿದರು, ಟೇಪ್ ಹಾಕಿ ಅಳೆದರು. ಎಡಗಡೆಯದು ಮೂರೂವರೆ ಸೆಂಟಿಮೀಟರ್ ದಪ್ಪ, ಮುಟ್ಟಿದರೆ ಬಿಸಿ. ಎಣ್ಣೆ ಕೆಳಗಿಡು ಅಂದರು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ಗೆ ಕಳಿಸಿದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ನಾನು ತಿಕ್ಕಿದ್ದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ಬರಬಹುದಿತ್ತು. ತಿಕ್ಕೋದನ್ನು ನಾನು ಎರಡೇ ವಾರದಲ್ಲಿ ಕಲಿತಿದ್ದೆ. ಯಾವ ಕಾಲನ್ನು ತಿಕ್ಕಬಾರದು ಅನ್ನೋದನ್ನು ಕಲಿಯೋಕೆ ವರ್ಷಗಳು ಬೇಕಾದವು.

ನಿಮ್ಮ ಸೊಂಟನೋವನ್ನೇ ತೆಗೆದುಕೊಳ್ಳಿ. ಅದೇ ನೋವಿನ ಜೊತೆ ಕೂರುವ ಜಾಗ ಮರಗಟ್ಟಿದೆ, ಮೂತ್ರದ ಮೇಲೆ ಹಿಡಿತವಿಲ್ಲ ಅಂತ ಯಾರಾದರೂ ಬಂದರೆ ಆಸನವೂ ಬೇಡ, ಆಕ್ಯುಪ್ರೆಶರೂ ಬೇಡ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಇದನ್ನು ಮೂರು ತಿಂಗಳ ಶನಿವಾರ, ಭಾನುವಾರಗಳಲ್ಲಿ ಕಲಿಸುತ್ತಾರಾ ಅಂತ ಕೇಳಿ ನೋಡಿ.

ಪ್ರಕೃತಿ ಚಿಕಿತ್ಸೆಯ ಡಿಗ್ರಿ ಬಿ.ಎನ್.ವೈ.ಎಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಯುರ್ವೇದದ ಬಿ.ಎ.ಎಂ.ಎಸ್., ಹೋಮಿಯೋಪಥಿಯ ಬಿ.ಎಚ್.ಎಂ.ಎಸ್. ಕೂಡ ಅಷ್ಟೇ ವರ್ಷ, ಅವೆರಡಕ್ಕೂ ನೀಟ್ ಬರೆಯಬೇಕು. ನೀಟ್‌ಗೆ ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದರು, ಹಾಗಾಗಿ 34 ಅನ್ನೋದು ಅಡ್ಡಿಯಲ್ಲ. ನಿಮಗೆ ಅಡ್ಡಿ ಕಾಮರ್ಸ್. ಇವೆಲ್ಲಕ್ಕೂ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ಮತ್ತೆ ಅಲ್ಲಿಂದ ಶುರು ಮಾಡಿದರೆ ಏಳೆಂಟು ವರ್ಷ ಹಿಡಿಯುತ್ತದೆ. ಮನೆ ನಡೆಯೋಕೆ ನಿಮ್ಮ ಸಂಬಳ ಬೇಕು ಅಂದರೆ ಇದು ಸುಲಭದ ಮಾತಲ್ಲ, ಸುಮ್ನೆ ಧೈರ್ಯ ಹೇಳಲಾರೆ.

ಇನ್ನು ಕ್ಲಿನಿಕ್ ವಿಷಯ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ ಯಾವ ಪದ್ಧತಿಯದ್ದೇ ಇರಲಿ, 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಪ್ರಕಾರ ನೋಂದಣಿ ಆಗಲೇಬೇಕು. ಮೂರು ತಿಂಗಳ ಸರ್ಟಿಫಿಕೇಟ್ ಅದಕ್ಕೆ ಸಾಲದು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡೋದು 1954ರ ಕಾಯ್ದೆ ಪ್ರಕಾರ ಅಪರಾಧ. ಆ ಕೋರ್ಸಿನವರ ಪಾಂಪ್ಲೆಟ್‌ನಲ್ಲಿ ಇಂಥ ಮಾತಿದ್ದರೆ ಆ ಕಡೆ ತಲೆ ಹಾಕಬೇಡಿ.

ನನ್ನನ್ನು ಕೇಳಿದರೆ ನಿಮಗೆ ಹೊಂದುವ ದಾರಿ ಯೋಗ. ನಿಮಗೆ ವಾಸಿಯಾಗಿದ್ದೂ ಅದರಿಂದಲೇ ಅಲ್ವಾ? ಆಯುಷ್ ಸಚಿವಾಲಯದ ಕೆಳಗೆ ಯೋಗ ಸರ್ಟಿಫಿಕೇಷನ್ ಬೋರ್ಡ್ ಇದೆ. ಮೊದಲ ಹಂತ ಯೋಗ ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್, ಅದರ ಮೇಲಿನದ್ದು ಯೋಗ ವೆಲ್‌ನೆಸ್ ಇನ್‌ಸ್ಟ್ರಕ್ಟರ್. ಕೆಲಸದಲ್ಲಿ ಇದ್ದುಕೊಂಡೇ ತಯಾರಿ ಮಾಡಿ ಪರೀಕ್ಷೆ ಕಟ್ಟಬಹುದು. ಜಿಗಣಿ ಹತ್ತಿರದ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ ಯೋಗ ಶಿಕ್ಷಕರ ಕೋರ್ಸೂ ಇದೆ, ಎಂ.ಎಸ್ಸಿ.ಯೂ ಇದೆ, ಒಂದು ರಜಾ ದಿನ ಹೋಗಿ ವಿಚಾರಿಸಿ ಬನ್ನಿ. ಆಮೇಲೆ ಬೆಳಿಗ್ಗೆ ಆರಕ್ಕೆ ನಿಮ್ಮ ಬಡಾವಣೆಯಲ್ಲೇ ನಾಲ್ಕೈದು ಜನರಿಗೆ ಕಲಿಸೋಕೆ ಶುರು ಮಾಡಿ. ಒಂದು ನೋಟ್‌ಬುಕ್ ಇಡಿ. ಯಾರಿಗೆ ಬಿಪಿ, ಯಾರಿಗೆ ಆಪರೇಷನ್ ಆಗಿದೆ, ಯಾರು ಗರ್ಭಿಣಿ, ಯಾವ ಮಾತ್ರೆ ತಗೋತಾರೆ, ಎಲ್ಲ ಕೇಳಿ ಬರೆದುಕೊಳ್ಳಿ. ಮಾತ್ರೆ ನಿಲ್ಲಿಸಿ ಅಂತ ಮಾತ್ರ ಯಾರಿಗೂ, ಯಾವತ್ತೂ ಹೇಳಬೇಡಿ, ಅದು ಅವರ ವೈದ್ಯರು ಹೇಳಬೇಕಾದ ಮಾತು. ಇದರಿಂದ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಒಂದು ವರ್ಷ ಲೆಕ್ಕ ಇಡಿ. ಅಕೌಂಟ್ಸ್‌ನವರಿಗೆ ಅದನ್ನು ನಾನು ಹೇಳಿಕೊಡಬೇಕಿಲ್ಲ. ಮನೆ ಖರ್ಚಿಗೆ ಸಾಲುತ್ತೆ ಅನ್ನಿಸಿದ ದಿನ ವೈಟ್‌ಫೀಲ್ಡ್ ಬಸ್ ಬಿಡೋದರ ಬಗ್ಗೆ ಯೋಚನೆ ಮಾಡಿ.

ಅಡ್ವಾನ್ಸ್ ಏನಾದರೂ ಈಗಾಗಲೇ ಕೊಟ್ಟಿದ್ದರೆ ರಸೀದಿ ಹಿಡಿದುಕೊಂಡು ಈ ವಾರವೇ ಹೋಗಿ ವಾಪಸ್ ಕೇಳಿ.