ಪೇಪರಿನಲ್ಲಿ ಏರಿದ ಪಗಾರ ಕೈಗೆ ಯಾವಾಗ?

ಕನಿಷ್ಠ ವೇತನ ಏರಿದೆ ಅಂತ ಪೇಪರಿನಲ್ಲಿ ಬಂದರೂ ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಹಳೇ ಪಗಾರವೇ ಬರ್ತಿದೆ, ಕೇಳಬಹುದಾ ಎಂದಿದ್ದೀರಿ.

ಮೊದಲು ಅದು ಕರಡೋ ಅಂತಿಮ ಅಧಿಸೂಚನೆಯೋ ನೋಡ್ರಿ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರದಿಂದ ಹೊರಟದ್ದು ಕರಡು, ಅಂದರೆ ಪ್ರಸ್ತಾವ ಮಾತ್ರ. ಕರಡಿಗೆ ಆಕ್ಷೇಪಣೆ ಸಲ್ಲಿಸಲು ಕನಿಷ್ಠ ಎರಡು ತಿಂಗಳು ಬಿಡಬೇಕು. ಅಂತಿಮ ಅಧಿಸೂಚನೆಯಲ್ಲಿ ಬೇರೆ ದಿನಾಂಕ ಹಾಕಿರದಿದ್ದರೆ ಅದು ಹೊರಟ ಮೂರು ತಿಂಗಳ ಮೇಲೆ ಜಾರಿ. ಐದು ವರ್ಷದೊಳಗೆ ದರ ಪರಿಷ್ಕರಿಸಬೇಕೆಂದು ಕಾನೂನಿದೆ. ಕರಡಿನಲ್ಲೇ ಕಾಲ ತಳ್ಳುವುದು ನನ್ನ ದೃಷ್ಟಿಯಲ್ಲಿ ದುಡಿಯುವವರಿಗೆ ಮಾಡುವ ಅನ್ಯಾಯ.

ಆದರೆ ತುಟ್ಟಿಭತ್ಯೆಗೆ ಹೊಸ ಕರಡು ಬೇಕಿಲ್ಲ. ಬೆಲೆ ಸೂಚ್ಯಂಕ ಏರಿದಂತೆ ಪ್ರತಿ ಏಪ್ರಿಲ್ 1ರಿಂದ ಅದೂ ಏರುತ್ತದೆ. ನಿಮ್ಮ ಏಪ್ರಿಲ್ ಪಗಾರ ಮಾರ್ಚ್‌ನಷ್ಟೇ ಇದ್ದು, ಆ ವರ್ಷದ ದರಕ್ಕಿಂತ ಕಡಿಮೆ ಇದ್ದರೆ ಬಾಕಿ ಅಲ್ಲೇ ಶುರು.

ಕಾರ್ಮಿಕ ಇಲಾಖೆಯ ದರಪಟ್ಟಿಯಲ್ಲಿ ಫೌಂಡ್ರಿ, ನಿಮ್ಮ ವಲಯ, ನಿಮ್ಮ ದರ್ಜೆ (ಕೌಶಲಕ್ಕೆ ತಕ್ಕ ವರ್ಗ) ಹುಡುಕಿ. ದರ್ಜೆಯಲ್ಲೇ ಹೆಚ್ಚು ಮೋಸ: ವರ್ಷಗಟ್ಟಲೆ ಮೋಲ್ಡಿಂಗ್ ಮಾಡುವವರನ್ನೂ ಪುಸ್ತಕದಲ್ಲಿ ಹೆಲ್ಪರ್ ಅಂತ ಬರೆದಿರುತ್ತಾರೆ. ಆಮೇಲೆ ಲೆಕ್ಕ. ಉದಾಹರಣೆಗೆ ತಿಂಗಳಿಗೆ ₹13,000 ಅಂದುಕೊಳ್ಳಿ. ತಿಂಗಳ ಕೆಲಸದ ದಿನ 26ರಿಂದ ಭಾಗಿಸಿದರೆ ದಿನಕ್ಕೆ ₹500, ಎಂಟು ತಾಸಿಗೆ ಹಂಚಿದರೆ ತಾಸಿಗೆ ₹62.50. ಓಟಿ ಎರಡು ಪಟ್ಟು, ಅಂದರೆ ₹125. ಪಿಎಫ್ ಶೇ 12, ಇಎಸ್‌ಐ ಶೇ 0.75 ನಿಮ್ಮ ಪಾಲು. ಅಷ್ಟು ಕಡಿತವಾಗಿ ಕೈಗೆ ಕಡಿಮೆ ಬಂದರೆ ತಪ್ಪಲ್ಲ. ಮಾಲಕರ ಪಾಲನ್ನೂ ನಿಮ್ಮಿಂದಲೇ ಮುರಿದುಕೊಂಡರೆ ಅದು ಕಾನೂನುಬಾಹಿರ.

"ಆರ್ಡರ್ ಇಲ್ಲ, ಕೊಡೋಕೆ ಆಗಲ್ಲ" ಅನ್ನುವುದು ನಡೆಯುವುದಿಲ್ಲ. ಕನಿಷ್ಠ ವೇತನಕ್ಕೆ ಮಾಲಕರ ಶಕ್ತಿ ಅಳತೆಯಲ್ಲ ಎಂದು ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ಕಡಿಮೆಗೆ ಒಪ್ಪಿದ್ದೇನೆ ಅಂತ ನೀವು ಸಹಿ ಹಾಕಿದ್ದರೂ ಆ ಒಪ್ಪಂದಕ್ಕೆ ಬೆಲೆಯಿಲ್ಲ. ಗುತ್ತಿಗೆದಾರ ಕೊಡದಿದ್ದರೆ ಹೊಣೆ ಕಾರಖಾನೆಯದು.

ಪಾಸ್‌ಬುಕ್ ಎಂಟ್ರಿ, ಪಗಾರ ಚೀಟಿ, ಹಾಜರಿ ಕಾರ್ಡಿನ ಎರಡೂ ಬದಿಯ ಫೋಟೊ ಇಟ್ಟುಕೊಳ್ಳಿ. ತಿಂಗಳವಾರು ಸಿಗಬೇಕಾದದ್ದು, ಸಿಕ್ಕದ್ದು, ವ್ಯತ್ಯಾಸ ಬರೆದು ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಕಿ ಕೇಳಿ ಅರ್ಜಿ ಹಾಕಲು 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳಿದ್ದ ಗಡುವು, 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಲ್ಲಿ ಮೂರು ವರ್ಷ. ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು ಅವಕಾಶವಿದೆ, ಅದನ್ನೂ ಅರ್ಜಿಯಲ್ಲೇ ಕೇಳಿ.