ಲೇಸರ್ ಮುಗಿದರೂ ಬಿಡದ ಭಯ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದು ಅಂತ ಹೆಸರು, ಕೆಲಸ, ಕೆಲವು ವಿವರ ಬದಲಿಸಿದ್ದೇನೆ. ಇವರನ್ನು ಕಮಲಾ ಎನ್ನೋಣ. ವಯಸ್ಸು ಐವತ್ತು ದಾಟಿದೆ, ಲೆಕ್ಕಪತ್ರ ನೋಡುವ ಕೆಲಸ. ಮಾಮೂಲಿ ತಪಾಸಣೆಗೆ ಹೋದಾಗ ಕಣ್ಣಿನೊಳಗಿನ ಒತ್ತಡ 26 (ಮಿ.ಮೀ. ಪಾದರಸದ ಅಳತೆಯಲ್ಲಿ) ಇತ್ತು. ಸಾಮಾನ್ಯವಾಗಿ ಅದು 10ರಿಂದ 21ರೊಳಗೆ ಇರುತ್ತದೆ. ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗಿ ನಿಧಾನಕ್ಕೆ ದೃಷ್ಟಿ ಕಳೆಯುವ ಕಾಯಿಲೆ, ಶುರುವಾಗಿದೆ ಎಂದ ವೈದ್ಯರು, ಡ್ರಾಪ್ಸ್ ಬದಲು ಮೊದಲಿಗೇ ಕಣ್ಣಿನ ಒತ್ತಡ ಇಳಿಸುವ ಎಸ್‌ಎಲ್‌ಟಿ ಎಂಬ ಲೇಸರ್ ಮಾಡಿದರು. ಕೆಲವೇ ನಿಮಿಷದ ಕೆಲಸ, ಹೇಳಿಕೊಳ್ಳುವಂಥ ನೋವೂ ಇರಲಿಲ್ಲ. ಆದರೆ ವಾರ ಬಿಟ್ಟು ಅಳೆದಾಗ ಒತ್ತಡ 25. ಅವತ್ತಿನಿಂದ ಕಮಲಾ ಅವರಿಗೆ ನಿದ್ದೆ ಇಲ್ಲ.

"ಲೇಸರ್ ಫೇಲ್ ಆಯ್ತು ಮೇಡಂ. ನಾನೂ ಅಪ್ಪನ ಹಾಗೇ ಆಗ್ತೀನಿ" ಅಂತಲೇ ಮಾತು ಶುರು ಮಾಡಿದರು. ತಂದೆಗೂ ಇದೇ ಕಾಯಿಲೆ. ಗೊತ್ತಾಗುವ ಹೊತ್ತಿಗೆ ತುಂಬಾ ತಡವಾಗಿತ್ತು. ಕೊನೆಯ ವರ್ಷಗಳಲ್ಲಿ ಅವರನ್ನು ಕೈಹಿಡಿದು ನಡೆಸಿದ್ದು ಈ ಮಗಳೇ.

ದಿನ ಹೇಗೆ ಕಳೆಯುತ್ತೀರಿ ಎಂದು ಕೇಳಿದಾಗ ನಿಜವಾದ ವಿಷಯ ಹೊರಬಂತು. ಬೆಳಿಗ್ಗೆ ಎದ್ದ ಕೂಡಲೇ ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದುವುದು. ಆಮೇಲೆ ಇನ್ನೊಂದು ಕಣ್ಣು. ಆಫೀಸಿನಲ್ಲಿ ಕಂಪ್ಯೂಟರ್ ಮುಂದೆಯೂ ಅದೇ. ಅಕ್ಷರ ಸ್ವಲ್ಪ ಮಂಜಾದರೆ ಆ ದಿನ ಪೂರ್ತಿ ಹಾಳು. ಹೇಗೆ ಮುಚ್ಚುತ್ತೀರಿ, ತೋರಿಸಿ ಎಂದೆ. ಅಂಗೈಯನ್ನು ಕಣ್ಣಿನ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದರು! ಹಾಗೆ ಒತ್ತಿ ತೆಗೆದರೆ ಯಾರ ಕಣ್ಣೂ ಸ್ವಲ್ಪ ಹೊತ್ತು ಮಂಜಾಗುತ್ತದೆ. ಒಂದು ಕಣ್ಣನ್ನು ಪರೀಕ್ಷಿಸಲು ಹೋಗಿ ಇನ್ನೊಂದನ್ನು ತಾವೇ ಮಂಜು ಮಾಡಿಕೊಳ್ಳುತ್ತಿದ್ದರು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗ್ಲಾಕೋಮಾ ಸಾಮಾನ್ಯವಾಗಿ ಮೊದಲು ಕಡಿಮೆ ಮಾಡುವುದು ಅಕ್ಕಪಕ್ಕದ ನೋಟವನ್ನು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುತ್ತದೆ, ಉಳಿದದ್ದನ್ನು ಮಿದುಳು ಸರಿದೂಗಿಸುತ್ತದೆ. ನೇರ ಎದುರಿನ ಅಕ್ಷರ ಬಹುಕಾಲ ಚೆನ್ನಾಗೇ ಕಾಣುತ್ತದೆ. ಅಂದ್ರೆ ಕ್ಯಾಲೆಂಡರ್ ಓದಲು ಬಂದರೆ ರೋಗ ಇಲ್ಲ ಅಂತಲ್ಲ, ಮಂಜಾದರೆ ರೋಗ ಹೆಚ್ಚಿತು ಅಂತಲೂ ಅಲ್ಲ. ಈ ಮಾತು ಕೇಳಿ ಕಮಲಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಇಷ್ಟು ದಿನ ಸುಮ್ನೆ ನೋಡ್ತಿದ್ನಾ?" ಎಂದರು. ಸುಮ್ನೆಯೇ.

ಅವರ ಒಪ್ಪಿಗೆ ಪಡೆದು ವೈದ್ಯರೊಂದಿಗೆ ಮಾತಾಡಿದೆ. ಈ ಲೇಸರಿನ ಫಲ ಪೂರ್ತಿ ಗೊತ್ತಾಗಲು 4ರಿಂದ 6 ವಾರ ಬೇಕು, ಒಂದು ವಾರದ ಸಂಖ್ಯೆ ನೋಡಿ ತೀರ್ಪು ಕೊಡಬಾರದು ಎಂದರು. ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಗಿದೆ. ಮೊದಲ ಚಿಕಿತ್ಸೆಯಾಗಿ ಈ ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ 3 ವರ್ಷ ಕಳೆದರೂ ಡ್ರಾಪ್ಸ್ ಬೇಕಾಗಿರಲಿಲ್ಲ. ಇದನ್ನೂ ಹೇಳಿದೆ. ಆದರೆ ಹೆದರಿದವರ ಕಣ್ಣಿಗೆ ಬೀಳುವುದು ಮುಕ್ಕಾಲಲ್ಲ, ಉಳಿದ ಕಾಲು. "ನಾನು ಆ ಕಾಲು ಭಾಗದಲ್ಲಿದ್ರೆ?" ಎಂದೇ ಕೇಳಿದರು. ಇದ್ದರೆ ಡ್ರಾಪ್ಸ್ ಇದೆ, ಲೇಸರನ್ನು ಮತ್ತೆ ಮಾಡಬಹುದು, ಅದೂ ಸಾಲದಿದ್ದರೆ ಆಪರೇಷನ್ ಇದೆ. ಹೋದ ದೃಷ್ಟಿ ಮರಳುವುದಿಲ್ಲ, ಅದನ್ನು ಮುಚ್ಚಿಡಲಿಲ್ಲ. ಅವರದು ಬೇಗ ಸಿಕ್ಕಿದೆ, ಕಾಪಾಡಿಕೊಳ್ಳಲು ಬಹಳಷ್ಟು ಉಳಿದಿದೆ ಎಂಬುದನ್ನೂ ಹೇಳಿದೆ.

ಕಣ್ಣು ಮುಚ್ಚಿ ನೋಡುವ ಅಭ್ಯಾಸವನ್ನು ಒಂದೇ ಏಟಿಗೆ ಬಿಡಿಸಲಿಲ್ಲ. ನೋಡಬೇಕು ಅನಿಸಿದಾಗ ಹತ್ತು ನಿಮಿಷ ತಡೆಯಿರಿ, ಆಮೇಲೂ ಬೇಕೆನಿಸಿದರೆ ನೋಡಿ ಎಂದೆ. ಮೊದಲ ದಿನಗಳಲ್ಲಿ ಕಷ್ಟಪಟ್ಟರು. ಚಿಂತೆಗೆ ಸಂಜೆ ಕಾಲು ಗಂಟೆ ಗೊತ್ತು ಮಾಡಿದೆವು. ಆಗ ಬಂದದ್ದನ್ನೆಲ್ಲಾ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅಳುವುದರಿಂದ ಕಣ್ಣಿಗೆ ಹಾನಿಯೇ? ಜಾಸ್ತಿ ಓದಿದರೆ ರೋಗ ಹೆಚ್ಚುತ್ತದೆಯೇ? ವೈದ್ಯರು ಎರಡಕ್ಕೂ ಇಲ್ಲ ಎಂದರು. ಹೆದರಿ ವಾಕಿಂಗ್ ಕೂಡ ಬಿಟ್ಟಿದ್ದರು. ಅದು ಮತ್ತೆ ಶುರುವಾಯಿತು. ತಲೆ ಕೆಳಗೆ ಮಾಡುವ ಆಸನಗಳು ಮಾತ್ರ ಬೇಡ, ಅವು ಒತ್ತಡ ಏರಿಸುತ್ತವೆ.

ಹೆದರಬೇಕಾದ ಲಕ್ಷಣಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ತೀವ್ರ ನೋವು, ವಾಂತಿ, ಹೆಚ್ಚುತ್ತಾ ಹೋಗುವ ಕೆಂಪು, ದಿಢೀರನೆ ದೃಷ್ಟಿ ಕುಸಿಯುವುದು. ಇವು ಬಂದರೆ ಕೊಟ್ಟ ತಾರೀಖಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ. ಲೇಸರ್ ಆದ ಹೊಸದರಲ್ಲಿ ಕೆಲವು ದಿನ ಸ್ವಲ್ಪ ಕೆಂಪು, ಸ್ವಲ್ಪ ಮಂಜು ಸಹಜ.

ಗಂಡ ಪಾಪ, ಪ್ರೀತಿಯಿಂದಲೇ ಗಂಟೆಗೊಮ್ಮೆ "ಈಗ ಹೇಗೆ ಕಾಣ್ತಿದೆ?" ಅನ್ನುತ್ತಿದ್ದರು. ಅದನ್ನು ನಿಲ್ಲಿಸಿ, ಬೇರೆ ಏನಾದರೂ ಮಾತಾಡಿ ಎಂದು ಕೇಳಿಕೊಂಡೆ. ನನಗೆ ಅನಿಸುವಂತೆ ಅರ್ಧ ಉಪಕಾರ ಇದರಿಂದಲೇ ಆಯಿತು.

6 ವಾರದ ತಪಾಸಣೆಯಲ್ಲಿ ಒತ್ತಡ 19ಕ್ಕೆ ಇಳಿದಿತ್ತು. ಕಮಲಾ ಈಗಲೂ ಅಪರೂಪಕ್ಕೊಮ್ಮೆ ಕ್ಯಾಲೆಂಡರ್ ನೋಡುತ್ತಾರೆ, ನೋಡಿ ಅಲ್ಲಿಗೇ ಬಿಡುತ್ತಾರೆ. ಒಡಹುಟ್ಟಿದವರಿಗೆ ಈ ರೋಗದ ಅಪಾಯ ಜಾಸ್ತಿ ಎಂದು ಗೊತ್ತಾದ ಮೇಲೆ ಅಣ್ಣನ ಬೆನ್ನುಬಿದ್ದಿದ್ದಾರೆ. "ನಂಗೆ ಎಲ್ಲಾ ಚೆನ್ನಾಗೇ ಕಾಣ್ತಿದೆಯಲ್ಲಮ್ಮಾ" ಎಂದು ಆತ ಜಾರಿಕೊಳ್ಳುತ್ತಿದ್ದಾರಂತೆ. ಇವರೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾರೆ.